ಆಪರೇಷನ್‌ಗೆ ಕಾಯುವಾಗಿನ ಸುಸ್ತು, ಸಿಟ್ಟು: ಒಂದು ಪ್ರಕರಣ ಅಧ್ಯಯನ

ಹೃದಯದ ಆಪರೇಷನ್ ಬೇಕೇ ಬೇಕು ಎಂದು ಡಾಕ್ಟರು ಹೇಳಿದ ದಿನಕ್ಕೂ, ನಿಜವಾಗಿ ಆಪರೇಷನ್ ಆಗುವ ದಿನಕ್ಕೂ ನಡುವೆ ವಾರಗಳು ಕಳೆಯುತ್ತವೆ. ಕೆಲವರಿಗೆ ತಿಂಗಳುಗಳೇ ಆಗುತ್ತವೆ. ಎದೆ ಹೇಗೆ ತೆರೆಯುತ್ತಾರೆ, ಐಸಿಯುನಲ್ಲಿ ಎಷ್ಟು ದಿನ, ಮನೆಗೆ ಯಾವಾಗ, ಇದಕ್ಕೆಲ್ಲ ಯಾರಾದರೂ ಉತ್ತರ ಕೊಡುತ್ತಾರೆ. ಕಾಯುವಾಗ ಮೈಮೇಲೆ ಬಂದು ಕೂರುವ ಸುಸ್ತಿಗೆ, ಆ ಸುಸ್ತಿನ ಜೊತೆಗೇ ಬರುವ ಸಿಟ್ಟಿಗೆ ಏನು ಮಾಡಬೇಕು ಎಂದು ಕೇಳಿದರೆ ಮಾತ್ರ "ರೆಸ್ಟ್ ತಗೊಳ್ಳಿ, ಟೆನ್ಷನ್ ಮಾಡ್ಕೋಬೇಡಿ" ಎಂಬ ಉತ್ತರ ಸಿಗುತ್ತದೆ.

ನಾನು ಹೃದ್ರೋಗಿಗಳ ಜೊತೆ ಕೆಲಸ ಮಾಡುವ ಫಿಸಿಯೋಥೆರಪಿಸ್ಟ್. ಇಲ್ಲಿ ಬರೆಯುತ್ತಿರುವುದು ಒಬ್ಬ ಮಹಿಳೆಯ ಕಥೆ. ಅವರ ಒಪ್ಪಿಗೆ ಇದೆ, ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ. ಇವರ ಪ್ರಕರಣವನ್ನೇ ಆರಿಸಿಕೊಳ್ಳಲು ಕಾರಣವಿದೆ. ಎಲ್ಲವನ್ನೂ "ಹೃದಯದ ಸುಸ್ತು, ಆಪರೇಷನ್ ಆದರೆ ಹೋಗುತ್ತೆ" ಎಂದು ಒಂದೇ ಮೂಟೆಗೆ ಕಟ್ಟಿ ಇಟ್ಟಿದ್ದರು. ಬಿಚ್ಚಿ ನೋಡಿದಾಗ ಒಳಗೆ ಬೇರೆ ಬೇರೆ ಸುಸ್ತುಗಳಿದ್ದವು. ಕೆಲವನ್ನು ಆಪರೇಷನ್‌ಗೆ ಮುಂಚೆಯೇ ಕಡಿಮೆ ಮಾಡಬಹುದಿತ್ತು.

ಕಾಯಿಲೆ ಏನು

ಅವರಿಗೆ 58 ವರ್ಷ. ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಹೃದಯದಿಂದ ಮೈಗೆಲ್ಲ ರಕ್ತ ಹೋಗುವ ದಾರಿಯಲ್ಲಿ ಮಹಾಪಧಮನಿಯ ವಾಲ್ವ್ ಇರುತ್ತದೆ. ಸಾಮಾನ್ಯವಾಗಿ ಅದಕ್ಕೆ ಮೂರು ಎಸಳು. ಇವರಿಗೆ ಹುಟ್ಟಿನಿಂದಲೇ ಎರಡು. ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ ಹೀಗಿರುತ್ತದೆ, ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಇಂಥ ವಾಲ್ವ್ ಬೇಗ ಸವೆಯುತ್ತದೆ, ಕ್ಯಾಲ್ಸಿಯಂ ಕೂತು ಗಟ್ಟಿಯಾಗುತ್ತದೆ, ಕಿರಿದಾಗುತ್ತದೆ. ಆರೋಗ್ಯವಂತರಲ್ಲಿ ವಾಲ್ವ್ ತೆರೆದಾಗ 3ರಿಂದ 4 ಚದರ ಸೆಂಟಿಮೀಟರ್ ಜಾಗ ಇರುತ್ತದೆ. 1ಕ್ಕಿಂತ ಕಡಿಮೆಯಾದರೆ ತೀವ್ರ ಎನ್ನುತ್ತಾರೆ. ಇವರ ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, 0.7 ಬಂದಿತ್ತು.

ಜೊತೆಗೆ ಹೃದಯದಿಂದ ಮೇಲಕ್ಕೆ ಏರುವ ಮಹಾಪಧಮನಿ ಹಿಗ್ಗಿ 46 ಮಿಲಿಮೀಟರ್ ಅಗಲವಾಗಿತ್ತು. ವಾಲ್ವ್‌ಗೆ ಕೈ ಹಾಕುವಾಗ ಆ ಭಾಗವನ್ನೂ ಬದಲಿಸುವುದು ಒಳ್ಳೆಯದು ಎಂಬುದು ಸರ್ಜನ್ ಅಭಿಪ್ರಾಯ. ಹಾಗಾಗಿ ತೊಡೆಯ ರಕ್ತನಾಳದಿಂದ ವಾಲ್ವ್ ಕೂರಿಸುವ, 2002ರಲ್ಲಿ ಫ್ರಾನ್ಸಿನ ಅಲೈನ್ ಕ್ರಿಬಿಯೇ ಮೊದಲು ಮಾಡಿ ತೋರಿಸಿದ ವಿಧಾನ ಇವರಿಗೆ ಹೊಂದುತ್ತಿರಲಿಲ್ಲ. ಎದೆ ತೆರೆದೇ ಮಾಡಬೇಕಿತ್ತು.

"ಆರರಿಂದ ಎಂಟು ವಾರ" ಎಂದಿದ್ದರು. ಕೊನೆಗೆ ಸುಮಾರು ನಾಲ್ಕು ತಿಂಗಳಾಯಿತು.

ವಾಪಸ್ ಕಳಿಸಿದ ದಿನ

ಅವರು ನನ್ನ ಹತ್ತಿರ ಬಂದದ್ದು ಮೊದಲ ಡೇಟ್ ರದ್ದಾದ ಮೇಲೆ. ಅವತ್ತು ನಡೆದದ್ದನ್ನು ಅವರೇ ಹೇಳಿದರು. ಹಿಂದಿನ ದಿನ ಅಡ್ಮಿಟ್ ಆಗಿದ್ದರು. ರಾತ್ರಿಯೇ ಕ್ರಿಮಿನಾಶಕ ಸೋಪಿನಲ್ಲಿ ಸ್ನಾನ. ಮಧ್ಯರಾತ್ರಿ ನಂತರ ಊಟವಿಲ್ಲ. ಬೆಳಿಗ್ಗೆ ಗೌನ್ ಹಾಕಿಸಿದರು, ಬಳೆ ಉಂಗುರ ತೆಗೆಸಿ ಗಂಡನ ಕೈಗೆ ಕೊಡಿಸಿದರು, ಕೈಗೆ ಪಟ್ಟಿ ಕಟ್ಟಿದರು. ಮನಸ್ಸನ್ನು ಹೇಗೋ ಗಟ್ಟಿ ಮಾಡಿಕೊಂಡು ಮಲಗಿದ್ದರು. ಮಧ್ಯಾಹ್ನ ಒಬ್ಬ ಸಿಸ್ಟರ್ ಬಂದು "ಇವತ್ತು ಆಗಲ್ಲಮ್ಮ, ಊಟ ಮಾಡಿ" ಎಂದರು. ಯಾಕೆ ಎಂದು ಆ ಸಿಸ್ಟರಿಗೂ ಗೊತ್ತಿರಲಿಲ್ಲ.

ನನ್ನ ಕೋಣೆಗೆ ಬಂದವರು ಕುರ್ಚಿಯಲ್ಲಿ ಕೂತು, ಬ್ಯಾಗನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡು, ಮೊದಲು ಹೇಳಿದ ಮಾತೇ ಇದು: "ಮೇಡಂ, ನಂಗೆ ಎಕ್ಸರ್ಸೈಜ್ ಎಲ್ಲ ಹೇಳ್ಕೊಡಬೇಡಿ. ಡೇಟ್ ಯಾವಾಗ ಅಂತ ಹೇಳಿ, ಸಾಕು."

ಡೇಟ್ ಕೊಡುವುದು ನನ್ನ ಕೈಯಲ್ಲಿರಲಿಲ್ಲ. ಅದನ್ನು ಹಾಗೇ ಹೇಳಿದೆ. ಆಮೇಲೆ ಅವರ ಒಂದು ದಿನ ಹೇಗಿರುತ್ತದೆ ಎಂದು ಕೇಳಿದೆ. ಬೆಳಿಗ್ಗೆ ಏಳುವಾಗಲೇ ಸುಸ್ತು. ಸ್ನಾನ ಮಾಡಿದರೆ ಸುಸ್ತು. ಬಟ್ಟೆ ಮಡಚಿದರೆ ಸುಸ್ತು. ಏನೂ ಮಾಡದೆ ಕೂತರೂ ಸುಸ್ತು. ಆ ಕೊನೆಯ ಮಾತು ನನ್ನ ಕಿವಿಗೆ ಬಿತ್ತು. ವಾಲ್ವ್ ಕಿರಿದಾದವರಿಗೆ ಸುಸ್ತು ಮುಖ್ಯವಾಗಿ ಶ್ರಮ ಪಟ್ಟಾಗ ಬರುತ್ತದೆ. ನಡೆದಾಗ, ಮೆಟ್ಟಿಲು ಹತ್ತಿದಾಗ ಮೈ ಜಾಸ್ತಿ ರಕ್ತ ಕೇಳುತ್ತದೆ, ಕಿರಿದಾದ ದಾರಿಯಲ್ಲಿ ಅಷ್ಟು ರಕ್ತ ಹೋಗಲ್ಲ. ಸುಮ್ನೆ ಕೂತಾಗಲೂ ಅಷ್ಟೇ ಸುಸ್ತು ಎಂದರೆ ಬೇರೇನೋ ಸೇರಿದೆ ಎಂದು ಅನುಮಾನ ಪಡಬೇಕು.

ಪುಸ್ತಕದಲ್ಲಿ ಕಂಡದ್ದು

ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಲು ಹೇಳಿದೆ. ಏನು ಮಾಡಿದೆ, ಆಗ ಸುಸ್ತು ಸೊನ್ನೆಯಿಂದ ಹತ್ತರಲ್ಲಿ ಎಷ್ಟು, ಇಷ್ಟೇ ಬರೆಯಬೇಕು. ಲೆಕ್ಕಪತ್ರದವರಲ್ವಾ, ಗೆರೆ ಎಳೆದು, ಗಂಟೆ ಹಾಕಿ, ನೀಟಾಗಿ ಬರೆದು ತಂದರು. ಅದರಲ್ಲಿ ಒಂದು ದಿನ ಹೀಗಿತ್ತು: "9.30, ಬಟ್ಟೆ ಮಡಚಿದ್ದು, 4. 12.00, ಆಸ್ಪತ್ರೆಗೆ ಫೋನು, ಹೋಲ್ಡ್‌ನಲ್ಲಿ ಇಟ್ಟರು, ಉತ್ತರ ಇಲ್ಲ, 8. ಕೂತೇ ಇದ್ದೆ."

ಫೋನ್ ಮಾಡಿದ ಪ್ರತಿ ದಿನವೂ ಹಾಗೇ. ಬಟ್ಟೆ ಮಡಚಿದ್ದಕ್ಕಿಂತ ಫೋನ್ ಹಿಡಿದು ಕೂತದ್ದೇ ಅವರನ್ನು ಹೆಚ್ಚು ಹಿಂಡಿ ಹಾಕುತ್ತಿತ್ತು. ಇನ್ನೊಂದು ವಿಷಯ ರಾತ್ರಿಯ ಸಾಲುಗಳಲ್ಲಿತ್ತು. 11, 12.30, 2, ಮತ್ತೆ 4 ಗಂಟೆಗೆ ಬಾತ್‌ರೂಮಿಗೆ ಎದ್ದಿದ್ದರು. ನೀರು ಇಳಿಯುವ ಮಾತ್ರೆಯ ಎರಡನೇ ಡೋಸನ್ನು ಸಂಜೆ ಏಳಕ್ಕೆ ತೆಗೆದುಕೊಳ್ಳುತ್ತಿದ್ದರು. ಆ ಮಾತ್ರೆಯ ಕೆಲಸ ಮುಂದಿನ ಕೆಲವು ಗಂಟೆಗಳಲ್ಲಿ ಜೋರಾಗಿರುತ್ತದೆ. ಅಂದರೆ ಸರಿಯಾಗಿ ನಿದ್ದೆ ಹತ್ತುವ ಹೊತ್ತಿಗೆ ಎಬ್ಬಿಸುತ್ತದೆ. ಹೃದ್ರೋಗ ತಜ್ಞರನ್ನು ಕೇಳಿದಾಗ ಎರಡನೇ ಡೋಸನ್ನು ಮಧ್ಯಾಹ್ನ ಎರಡಕ್ಕೆ ಬದಲಿಸಿದರು. ರಾತ್ರಿ ಒಂದೇ ಸಲ ಏಳುವಂತಾಯಿತು. ಇಷ್ಟು ಸಣ್ಣ ವಿಷಯ ವಾರಗಟ್ಟಲೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ ಎನ್ನುವುದು ನನಗೆ ಈಗಲೂ ಬೇಸರದ ಸಂಗತಿ. ಹಾಗೆಂದು ಮಾತ್ರೆಯ ಹೊತ್ತನ್ನು ನಾವೇ ಬದಲಿಸುವಂತಿಲ್ಲ. ಕೇಳಿಯೇ ಬದಲಿಸಬೇಕು.

ಬಿಪಿಗೆಂದು ತೆಗೆದುಕೊಳ್ಳುತ್ತಿದ್ದ ಮೆಟೊಪ್ರೊಲಾಲ್ ಮೇಲೂ ಅವರಿಗೆ ಅನುಮಾನ ಇತ್ತು. "ಇದನ್ನೇ ಬಿಟ್ಟುಬಿಡ್ತೀನಿ" ಎಂದರು. ಈ ಗುಂಪಿನ ಮಾತ್ರೆಗಳು ಕೆಲವರಿಗೆ ಸುಸ್ತು ತರುವುದು ನಿಜ. ಆದರೆ ದಿಢೀರ್ ಎಂದು ನಿಲ್ಲಿಸಿದರೆ ಹೃದಯದ ಬಡಿತ, ಬಿಪಿ ಎರಡೂ ಏರುತ್ತವೆ, ಇಂಥ ಹೃದಯಕ್ಕೆ ಅದು ಅಪಾಯ. ಡಾಕ್ಟರು ಡೋಸ್ ನೋಡಿ, ಹಾಗೇ ಮುಂದುವರಿಸಲು ಹೇಳಿದರು.

ರಕ್ತ ಎಲ್ಲಿಗೆ ಹೋಗುತ್ತಿತ್ತು

ನಿದ್ದೆ ಸುಧಾರಿಸಿತು. ಸುಸ್ತು ಮಾತ್ರ ಸ್ವಲ್ಪವೇ ಇಳಿಯಿತು. ಕಣ್ಣಿನ ಕೆಳರೆಪ್ಪೆ ಬಿಳಿಚಿಕೊಂಡಿತ್ತು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9.4, ದೇಹದ ಕಬ್ಬಿಣದ ದಾಸ್ತಾನು ಬಹಳ ಕಡಿಮೆ. ಮುಟ್ಟು ನಿಂತು ವರ್ಷಗಳಾಗಿವೆ. ಹಾಗಾದರೆ ರಕ್ತ ಎಲ್ಲಿ ಹೋಗುತ್ತಿದೆ? ಮಲದ ಪರೀಕ್ಷೆಯಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಸಿಕ್ಕಿತು.

ಇದರ ಹಿಂದಿನ ವಿಷಯ ನನಗೆ ಯಾವಾಗಲೂ ಆಶ್ಚರ್ಯ ತರುತ್ತದೆ. ಈ ವಾಲ್ವ್ ಕಿರಿದಾದವರಲ್ಲಿ ಕೆಲವರಿಗೆ ಕರುಳಿನಿಂದ ರಕ್ತ ಹೋಗುತ್ತದೆ ಎಂದು 1958ರಲ್ಲೇ ಎಡ್ವರ್ಡ್ ಹೇಡ್ ಎಂಬ ವೈದ್ಯರು ಗಮನಿಸಿ ಬರೆದಿದ್ದರು. ಕಾರಣ ತಿಳಿದದ್ದು ಎಷ್ಟೋ ವರ್ಷಗಳ ನಂತರ. ರಕ್ತ ಹೆಪ್ಪುಗಟ್ಟಲು ಬೇಕಾದ ವಾನ್ ವಿಲ್ಲೆಬ್ರಾಂಡ್ ಎಂಬ ಒಂದು ಉದ್ದನೆಯ ಪ್ರೋಟೀನು ಇದೆ. ಕಿರಿದಾದ ವಾಲ್ವ್‌ನಲ್ಲಿ ರಕ್ತ ರಭಸವಾಗಿ ನುಗ್ಗುವಾಗ ಅದು ಎಳೆದಂತಾಗಿ ಚೂರಾಗುತ್ತದೆ. ಆಗ ಕರುಳಿನ ಒಳಪದರದ ದುರ್ಬಲ ರಕ್ತನಾಳಗಳಿಂದ ರಕ್ತ ಸೋರಿದರೆ ಬೇಗ ನಿಲ್ಲುವುದಿಲ್ಲ. ವಾಲ್ವ್ ಬದಲಿಸಿದರೆ ಬಹಳಷ್ಟು ಜನರಲ್ಲಿ ಸೋರುವುದು ಕಡಿಮೆಯಾಗುತ್ತದೆ.

ಡಾಕ್ಟರು ಬೇರೆ ಕಾರಣಗಳನ್ನೂ ಪರೀಕ್ಷೆ ಮಾಡಿ ತಳ್ಳಿಹಾಕಿದ ಮೇಲೆ ಕಬ್ಬಿಣದ ಅಂಶವನ್ನು ಡ್ರಿಪ್ ಮೂಲಕ ಕೊಟ್ಟರು. ಮಾತ್ರೆಗಿಂತ ಇದರಲ್ಲಿ ದಾಸ್ತಾನು ಬೇಗ ತುಂಬುತ್ತದೆ. ಸುಮಾರು ಒಂದು ತಿಂಗಳಲ್ಲಿ ಹಿಮೋಗ್ಲೋಬಿನ್ 11.3ಕ್ಕೆ ಬಂತು. ಆಪರೇಷನ್‌ಗೆ ಹೋಗುವಾಗ ರಕ್ತ ಚೆನ್ನಾಗಿದ್ದರೆ ಬೇರೆಯವರ ರಕ್ತ ಏರಿಸುವ ಅಗತ್ಯವೂ ಕಡಿಮೆಯಾಗುತ್ತದೆ. ಅಂದರೆ ಆ ಕಾಯುವಿಕೆಯಲ್ಲಿ ಸರಿಪಡಿಸಬೇಕಾದ ಕೆಲಸ ಒಂದಿತ್ತು, ಅದು ನಡೆಯಿತು. ಇದನ್ನು ಅವರಿಗೆ ಹೇಳಿದಾಗ "ಸದ್ಯ, ಏನೋ ಒಂದು ನಡೀತಿದೆಯಲ್ಲ" ಎಂದರು. ಪುಸ್ತಕದಲ್ಲಿ ಬೆಳಗಿನ ಅಂಕಿಗಳು 6, 7ರಿಂದ 4ಕ್ಕೆ ಇಳಿದವು.

ಮನೆಯವರ ಪ್ರೀತಿ

ಗಂಡ, ಮಗ ಇಬ್ಬರೂ ತುಂಬ ಕಾಳಜಿ ಮಾಡುವವರು. ಕಾಳಜಿ ಎಷ್ಟಿತ್ತು ಎಂದರೆ ಅವರನ್ನು ಏಳಲೇ ಬಿಡುತ್ತಿರಲಿಲ್ಲ. "ನೀನು ಕೂತ್ಕೋ, ನಾನು ತರ್ತೀನಿ" ಎಂದು ಗಂಡ, "ಅಮ್ಮಾ, ಯಾಕೆ ಎದ್ದೆ?" ಎಂದು ಮಗ. ಅರ್ಧ ಗಂಟೆಗೊಮ್ಮೆ "ಹೇಗಿದೆ ಈಗ?" ಎಂಬ ಪ್ರಶ್ನೆ. ಒಂದು ದಿನ ನನ್ನೆದುರೇ ಅವರು ಗಂಡನ ಮೇಲೆ ರೇಗಿದರು. "ರೀ, ನಾನೇನು ಗಾಜಿನ ಗೊಂಬೆನಾ? ಕೇಳಿ ಕೇಳಿ ನನಗೇ ಏನೋ ಆಗಿದೆ ಅನ್ಸುತ್ತೆ." ಗಂಡ ತಲೆ ತಗ್ಗಿಸಿ ಕೂತರು. ಅವರ ಕಣ್ಣಲ್ಲೂ ನೀರಿತ್ತು.

ವಾರಗಟ್ಟಲೆ ಕೂತೇ ಇದ್ದರೆ ತೊಡೆಯ ಸ್ನಾಯುಗಳು ಕರಗುತ್ತವೆ. ಆಮೇಲೆ ಕುರ್ಚಿಯಿಂದ ಏಳುವುದೇ ದೊಡ್ಡ ಕೆಲಸವಾಗುತ್ತದೆ, ಅದನ್ನೂ ಹೃದಯದ ಲೆಕ್ಕಕ್ಕೇ ಬರೆಯುತ್ತೇವೆ. ಆದರೆ ಈ ಕಾಯಿಲೆಯಲ್ಲಿ ಬಲವಂತದ ವ್ಯಾಯಾಮವೂ ಸಲ್ಲದು. ಲಕ್ಷಣ ಇರುವ ತೀವ್ರ ಹಂತದಲ್ಲಿ ಟ್ರೆಡ್‌ಮಿಲ್ ಪರೀಕ್ಷೆಯನ್ನೇ ಮಾಡುವುದಿಲ್ಲ, ಅಷ್ಟು ಎಚ್ಚರ ಬೇಕು. ಭಾರ ಎತ್ತುವುದು, ಉಸಿರು ಬಿಗಿಹಿಡಿದು ತಳ್ಳುವುದು, ಅವಸರದಲ್ಲಿ ಮೆಟ್ಟಿಲು ಹತ್ತುವುದು ಬೇಡ. ತುಂಬ ಬಿಸಿನೀರಿನಲ್ಲಿ ಸ್ನಾನವೂ ಬೇಡ, ರಕ್ತನಾಳ ಹಿಗ್ಗಿ ಬಿಪಿ ಕುಸಿದು ತಲೆ ಸುತ್ತಬಹುದು. ಹೃದ್ರೋಗ ತಜ್ಞರನ್ನು ಕೇಳಿಕೊಂಡು ನಾವು ಇಟ್ಟದ್ದು ಇಷ್ಟೇ: ಮನೆಯ ಒಳಗೇ, ಸಮತಟ್ಟಾದ ಜಾಗದಲ್ಲಿ, ಆರಾಮಾಗಿ ಮಾತಾಡುತ್ತಾ ನಡೆಯಲು ಆಗುವಷ್ಟೇ ವೇಗ. ಮಾತು ತುಂಡಾಗುತ್ತಿದೆ ಎಂದರೆ ನಿಲ್ಲಿಸುವುದು. ಕೂತು ಮಾಡುವ ಕೆಲಸಗಳು ಬೆಳಿಗ್ಗೆಯ ಹೊತ್ತಿಗೆ, ಏಕೆಂದರೆ ಪುಸ್ತಕದ ಪ್ರಕಾರ ಅವರಿಗೆ ಚೈತನ್ಯ ಇದ್ದದ್ದು ಆಗಲೇ. ಮಧ್ಯಾಹ್ನ ಸ್ನಾನ, ಫೋನು, ಅತಿಥಿಗಳು ಮೂರನ್ನೂ ಒಂದೇ ಕಡೆ ತುರುಕದಿರುವುದು.

ಮನೆಯಲ್ಲಿ ಒಂದು ಒಪ್ಪಂದವೂ ಆಯಿತು. "ಹೇಗಿದೆ?" ಎಂದು ಬೆಳಿಗ್ಗೆ ಒಂದು ಸಲ ಕೇಳುವುದು. ಆಮೇಲೆ ಏನಾದರೂ ಬದಲಾದರೆ ಅವರೇ ಹೇಳಬೇಕು. ಮನೆಯ ಲೆಕ್ಕ ಬರೆಯುವ ಕೆಲಸ ಅವರಿಗೇ ವಾಪಸ್ ಬಂತು. ಬಂಧುಗಳ ಫೋನುಗಳಿಗೆ ಮಗ ಉತ್ತರಿಸಬೇಕು. ಆಸ್ಪತ್ರೆಗೆ ದಿನಾ ಫೋನ್ ಮಾಡುವುದು ಬಿಟ್ಟು ಗಂಡ ವಾರಕ್ಕೊಮ್ಮೆ, ಗೊತ್ತುಮಾಡಿದ ದಿನ, ಗೊತ್ತುಮಾಡಿದ ಒಬ್ಬರಿಗೇ ಮಾಡಬೇಕು. ಹೇಳಿದಷ್ಟು ಸುಲಭವಾಗಿ ಇದು ನಡೆಯಲಿಲ್ಲ. ಮಗ ಎರಡೇ ದಿನಕ್ಕೆ ಮತ್ತೆ ಶುರು ಮಾಡಿದ. ಆದರೂ ಮನೆಯ ಗಾಳಿ ಸ್ವಲ್ಪ ಹಗುರಾಯಿತು.

ಸಿಟ್ಟು

ಸಿಟ್ಟು ಮಾಡಿಕೊಳ್ಳಬೇಡಿ ಎಂದು ನಾನು ಹೇಳಲಿಲ್ಲ. ಜೀವಕ್ಕೆ ಸಂಬಂಧಿಸಿದ ಡೇಟನ್ನು ಕಾರಣ ಹೇಳದೆ ಮುಂದೆ ಹಾಕಿದರೆ ಸಿಟ್ಟು ಬರಲೇಬೇಕು. ಅವರನ್ನು ಆಪರೇಷನ್ ಪಟ್ಟಿ ನೋಡಿಕೊಳ್ಳುವ ಸಂಯೋಜಕರ ಮುಂದೆ ಕೂರಿಸಿದೆವು. ಅಲ್ಲಿ ಮೊದಲ ಬಾರಿ ಪೂರ್ತಿ ವಿಷಯ ತಿಳಿಯಿತು. ಅವತ್ತು ಬೆಳಗಿನ ಜಾವ ಮಹಾಪಧಮನಿ ಸೀಳಿಕೊಂಡ ರೋಗಿಯೊಬ್ಬರು ಬಂದಿದ್ದರು. ಆ ಸ್ಥಿತಿಯಲ್ಲಿ ಗಂಟೆ ಗಂಟೆಗೂ ಸಾವಿನ ಅಪಾಯ ಏರುತ್ತದೆ, ಕಾಯಿಸುವಂತಿಲ್ಲ. ಥಿಯೇಟರ್, ಸರ್ಜನ್, ಅರಿವಳಿಕೆ ಡಾಕ್ಟರು, ಹೃದಯ-ಶ್ವಾಸಕೋಶ ಯಂತ್ರ ನಡೆಸುವವರು, ರಕ್ತ, ಐಸಿಯುನಲ್ಲಿ ಖಾಲಿ ಹಾಸಿಗೆ, ಇಷ್ಟೂ ಒಂದೇ ಹೊತ್ತಿಗೆ ಸಿಗಬೇಕು. ಒಂದು ಇಲ್ಲದಿದ್ದರೂ ಶುರು ಮಾಡುವಂತಿಲ್ಲ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ರೋಗಿ ಉಳಿದ್ರಾ?" ಎಂದು ಕೇಳಿದರು. ಉಳಿದರು ಎಂದರು ಸಂಯೋಜಕರು. "ಇದನ್ನ ಅವತ್ತೇ ಹೇಳಿದ್ರೆ ನಾನು ಅಷ್ಟು ಅಳ್ತಿರಲಿಲ್ಲ ಸರ್."

ಎರಡನೇ ಸಲ ಮುಂದೆ ಹೋದದ್ದು ಹಲ್ಲಿನಿಂದ. ವಾಲ್ವ್ ಆಪರೇಷನ್‌ಗೆ ಮುಂಚೆ ಹಲ್ಲು ತೋರಿಸಲೇಬೇಕು. ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಹೊಸ ವಾಲ್ವ್ ಮೇಲೆ ಕೂತರೆ ಅದು ಬಹಳ ಕೆಟ್ಟ ಸೋಂಕು. ಒಂದು ದವಡೆ ಹಲ್ಲಿನ ಬೇರಿನಲ್ಲಿ ಕೀವು ಸಿಕ್ಕಿತು, ಕೀಳಿಸಿ ಗಾಯ ಮಾಯುವವರೆಗೆ ಕಾಯಬೇಕಾಯಿತು. ಈ ಸಲ ಅಳಲಿಲ್ಲ. ಕಾರಣ ಗೊತ್ತಿತ್ತು. ಸಿಟ್ಟಂತೂ ಇತ್ತು, "ಹಲ್ಲನ್ನ ಮೊದಲೇ ಯಾಕೆ ನೋಡಲಿಲ್ಲ?" ಎಂದು. ಆ ಪ್ರಶ್ನೆ ನ್ಯಾಯವಾದದ್ದೇ. ಆಪರೇಷನ್ ಎಂದು ತೀರ್ಮಾನವಾದ ವಾರದಲ್ಲೇ ಹಲ್ಲು, ಹಿಮೋಗ್ಲೋಬಿನ್ ಎರಡನ್ನೂ ನೋಡಿಬಿಟ್ಟರೆ ಎಷ್ಟೋ ಮನೆಗಳಲ್ಲಿ ಈ ಪರದಾಟ ಇರುವುದಿಲ್ಲ.

ಮನಸ್ಸು ಕುಗ್ಗಿದೆಯೇ ಎಂದು ನೋಡಲು ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಬಳಸಿದೆವು. 13 ಬಂತು. 10ರಿಂದ 14 ಎಂದರೆ ಮಧ್ಯಮ ಮಟ್ಟದ ಖಿನ್ನತೆ. ಆದರೆ ಇದನ್ನು ಹೃದ್ರೋಗಿಗಳಲ್ಲಿ ಕಣ್ಣುಮುಚ್ಚಿ ಕೂಡಿಸಬಾರದು. ನಿದ್ದೆ, ಸುಸ್ತು, ಊಟ ಸೇರದಿರುವುದು ಹೃದಯದಿಂದಲೂ ಬರಬಹುದು. ಹಾಗಾಗಿ ನಾನು ನೋಡುವುದು ಮೊದಲ ಎರಡು ಪ್ರಶ್ನೆಗಳನ್ನು: ಯಾವುದರಲ್ಲೂ ಆಸಕ್ತಿ ಇಲ್ಲವೇ, ಭರವಸೆ ಹೋಗಿದೆಯೇ. ಎರಡಕ್ಕೂ ಅವರು "ಹೆಚ್ಚಿನ ದಿನ" ಎಂದಿದ್ದರು. ಆಪ್ತಸಮಾಲೋಚಕರ ಹತ್ತಿರ ಕಳಿಸಿದೆವು. ಮಾತ್ರೆ ಶುರು ಮಾಡಲಿಲ್ಲ. ಸಾಮಾನ್ಯವಾಗಿ ಕೊಡುವ ಖಿನ್ನತೆಯ ಮಾತ್ರೆಗಳಲ್ಲಿ ಕೆಲವು ರಕ್ತಸ್ರಾವದ ಸಾಧ್ಯತೆ ಹೆಚ್ಚಿಸುತ್ತವೆ, ಇವರಿಗೆ ಮೊದಲೇ ಆ ತೊಂದರೆ ಇತ್ತು.

ಮುಚ್ಚಿಟ್ಟ ವಿಷಯ

ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಒಂದು ದಿನ ನಡಿಗೆ ಮುಗಿಸಿ ಕೂತಿದ್ದಾಗ ಮೆಲ್ಲಗೆ ಹೇಳಿದರು. ಹಿಂದಿನ ವಾರ ನಾಲ್ಕು ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲಾಗಿ ಗೋಡೆ ಹಿಡಿದು ಕುಸಿದಿದ್ದರಂತೆ. ಒಂದೆರಡು ಕ್ಷಣ ಏನಾಯಿತು ಎಂದು ನೆನಪಿಲ್ಲ. ಯಾರಿಗೂ ಹೇಳಿರಲಿಲ್ಲ. "ಹೇಳಿದ್ರೆ ಮೈಯಲ್ಲಿ ಶಕ್ತಿ ಇಲ್ಲ ಅಂತ ಆಪರೇಷನ್ನೇ ಕ್ಯಾನ್ಸಲ್ ಮಾಡ್ತಾರೆ ಅಂದ್ಕೊಂಡೆ."

ಇರುವುದು ಇದರ ತದ್ವಿರುದ್ಧ. ಈ ಕಾಯಿಲೆಯಲ್ಲಿ ಎದೆನೋವು, ಪ್ರಜ್ಞೆ ತಪ್ಪುವುದು, ಉಸಿರಾಟದ ತೊಂದರೆ ಶುರುವಾದ ಮೇಲೆ ವಾಲ್ವ್ ಬದಲಿಸದಿದ್ದರೆ ಉಳಿದ ಕಾಲ ಕಡಿಮೆ ಎಂದು ರಾಸ್ ಮತ್ತು ಬ್ರಾನ್‌ವಾಲ್ಡ್ ಎಂಬ ವೈದ್ಯರು 1968ರಲ್ಲೇ ಬರೆದಿದ್ದಾರೆ. ಅದಕ್ಕೇ ಇಂಥ ಲಕ್ಷಣ ಬಂದವರನ್ನು ಪಟ್ಟಿಯಲ್ಲಿ ಮೇಲಕ್ಕೆ ತರುತ್ತಾರೆ. ಕಾಯುವವರು "ನಾನು ಜಾಸ್ತಿ ದೂರು ಹೇಳ್ತಿದ್ದೀನಾ" ಎಂದು ಸಂಕೋಚ ಪಡುತ್ತಾರೆ. ದಯವಿಟ್ಟು ಪಡಬೇಡಿ. ಪ್ರಜ್ಞೆ ತಪ್ಪಿದರೆ, ಸುಮ್ಮನಿದ್ದಾಗಲೂ ಎದೆನೋವು ಬಂದರೆ, ಚಪ್ಪಟೆ ಮಲಗಲು ಆಗದಿದ್ದರೆ, ರಾತ್ರಿ ಉಸಿರುಕಟ್ಟಿ ಎಚ್ಚರವಾದರೆ ತುರ್ತು ವಿಭಾಗಕ್ಕೇ ಹೋಗಬೇಕು. ಎರಡು ಮೂರು ದಿನದಲ್ಲಿ 2 ಕೆಜಿ ತೂಕ ಏರಿದರೆ, ಕಾಲು ಊದಿದರೆ, ಜ್ವರ ಬಂದರೆ, ಮಲ ಕಪ್ಪಗಾದರೆ ಅದೇ ದಿನ ಡಾಕ್ಟರಿಗೆ ತಿಳಿಸಬೇಕು.

ನಾನು ಅಲ್ಲಿಂದಲೇ ಸರ್ಜನ್ ತಂಡಕ್ಕೆ ಫೋನ್ ಮಾಡಿದೆ. ಅವತ್ತೇ ಅಡ್ಮಿಟ್ ಮಾಡಿಕೊಂಡರು. ಆಪರೇಷನ್ ಅದೇ ವಾರ ಆಯಿತು.

ಆಮೇಲೆ

ಅವರಿಗೆ ಪ್ರಾಣಿಯ ಅಂಗಾಂಶದಿಂದ ಮಾಡಿದ ವಾಲ್ವ್ ಹಾಕಿದರು. ಲೋಹದ ವಾಲ್ವ್ ಜಾಸ್ತಿ ವರ್ಷ ಬಾಳುತ್ತದೆ, ಆದರೆ ಜೀವನಪೂರ್ತಿ ರಕ್ತ ತೆಳುಮಾಡುವ ಮಾತ್ರೆ ಬೇಕು. ಕರುಳಿನಿಂದ ರಕ್ತ ಸೋರುವವರಿಗೆ ಅದು ಕಷ್ಟ. ಮುಂದೆ ಇನ್ನೊಮ್ಮೆ ವಾಲ್ವ್ ಬದಲಿಸಬೇಕಾಗಬಹುದು ಎಂದು ತಿಳಿದೇ ಒಪ್ಪಿಕೊಂಡರು.

ಕಾಯುವಾಗ ಕಲಿತ ಎರಡು ವಿಷಯ ಐಸಿಯುನಲ್ಲಿ ಕೈಹಿಡಿದವು. ಒಂದು, ದೀರ್ಘ ಉಸಿರು ಎಳೆದು, ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮುವುದು. ಇನ್ನೊಂದು, ಕೈಯೂರಿ ತಳ್ಳದೆ, ಮೊದಲು ಪಕ್ಕಕ್ಕೆ ಹೊರಳಿ, ಕಾಲು ಕೆಳಗಿಳಿಸುತ್ತಾ ಹಾಸಿಗೆಯಿಂದ ಏಳುವುದು. ಎದೆಮೂಳೆ ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು, ಅಲ್ಲಿಯವರೆಗೆ ಎಲ್ಲರೂ ಹೀಗೇ ಏಳಬೇಕು. ಹೊಲಿಗೆಯ ನೋವಿನಲ್ಲಿ ಹೊಸದಾಗಿ ಕಲಿಯುವುದಕ್ಕಿಂತ ಮನೆಯಲ್ಲೇ ರೂಢಿಯಾಗಿದ್ದರೆ ಎಷ್ಟೋ ಸಲೀಸು.

ಆಪರೇಷನ್ ನಂತರವೂ ಮೊದಲ ವಾರಗಳಲ್ಲಿ ಸುಸ್ತು ಇತ್ತು, ಅದನ್ನು ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಮೂರನೇ ತಿಂಗಳ ಭೇಟಿಯಲ್ಲಿ ಹಿಮೋಗ್ಲೋಬಿನ್ 12.4. ಮೆಟ್ಟಿಲು ಹತ್ತುವಾಗ ಮಾತಾಡುತ್ತಲೇ ಇದ್ದರು. ಗಂಡನಿಗೆ ಮಾತ್ರ ಈಗ ನಿದ್ದೆ ಬರುತ್ತಿಲ್ಲ, ಅವರನ್ನು ಅದೇ ಆಪ್ತಸಮಾಲೋಚಕರ ಹತ್ತಿರ ಕಳಿಸಿದ್ದೇವೆ.

ಆ ಭೇಟಿಯ ದಿನ ಅವರು ಆಸ್ಪತ್ರೆಗೆ ಒಂದು ಪತ್ರ ಕೊಟ್ಟರು. ಪಟ್ಟಿಯಲ್ಲಿರುವವರಿಗೆ ವಾರಕ್ಕೊಮ್ಮೆ ಆಸ್ಪತ್ರೆಯಿಂದಲೇ ಫೋನ್ ಬರಬೇಕು, ಡೇಟ್ ಮುಂದೆ ಹೋದರೆ ಅದೇ ದಿನ ಕಾರಣ ಹೇಳಬೇಕು, ಯಾವ ಲಕ್ಷಣ ಬಂದರೆ ಯಾರಿಗೆ ಹೇಳಬೇಕು ಎಂಬುದನ್ನು ಬರೆದು ಕೈಗೆ ಕೊಡಬೇಕು ಎಂದು ಕೇಳಿದ್ದರು. ಮೂರನೆಯದು ಶುರುವಾಗಿದೆ. ಉಳಿದ ಎರಡಕ್ಕೆ ಸಂಯೋಜಕರು ಇನ್ನೊಬ್ಬ ಸಹಾಯಕರನ್ನು ಕೇಳಿದ್ದಾರೆ, ಇನ್ನೂ ಮಂಜೂರಾಗಿಲ್ಲ.